ಎರಡು ತಂತಿಗಳ ಚರಿತ್ರೆ: ಬ್ಲೇಡ್ ಸರ್ವರುಗಳಲ್ಲಿ ಜಾಲ ಮತ್ತು ಸಂಗ್ರಹಗಳ ಏಕೀಕರಣ

ಬ್ಯಾಂಕಿನ ಕಛೇರಿಯಲ್ಲಿ ಎರಡು ಬಗೆಯ ಕಾಗದಗಳು ಮೇಜಿನಿಂದ ಮೇಜಿಗೆ ಸಂಚರಿಸುತ್ತಿದ್ದ ಕಾಲವೊಂದಿತ್ತು. ಒಂದು ಪತ್ರ, ಇನ್ನೊಂದು ವೋಚರು. ಪತ್ರವು ದಾರಿಯಲ್ಲಿ ತಪ್ಪಿಹೋದರೆ ಅದರ ಪ್ರತಿಯನ್ನು ಮತ್ತೆ ಕಳುಹಿಸಿದರಾಯಿತು. ವಿಳಂಬವೊಂದನ್ನು ಬಿಟ್ಟರೆ ಬೇರೆ ಹಾನಿಯಿಲ್ಲ. ವೋಚರಿನ ವಿಷಯ ಹಾಗಲ್ಲ. ಅದು ತಪ್ಪಿದರೆ ಆ ದಿನದ ಲೆಕ್ಕ ತಾಳೆಯಾಗದು. ಎಲ್ಲರೂ ಕೈಕಟ್ಟಿ ಕುಳಿತು ಅದನ್ನು ಹುಡುಕಬೇಕಾಗುವುದು. ಗಣಕಯಂತ್ರಗಳ ಲೋಕದಲ್ಲಿಯೂ ಇಂತಹ ಎರಡು ಬಗೆಯ ಸಂಚಾರಗಳುಂಟು. ಅವುಗಳಿಗಾಗಿ ಬಹುಕಾಲ ಎರಡು ಪ್ರತ್ಯೇಕ ತಂತಿಗಳಿದ್ದುವು. ಅವೆರಡನ್ನೂ ಒಂದಾಗಿಸುವ ಪ್ರಯತ್ನ ಹೇಗೆ ನಡೆಯಿತು, ಎಷ್ಟರಮಟ್ಟಿಗೆ ಫಲಿಸಿತು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲನೆಯ ತಂತಿಯ ಹೆಸರು ಈಥರ್‌ನೆಟ್. ಅಮೆರಿಕದ ಝೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಅವರು ೧೯೭೩ರಲ್ಲಿ ಇದರ ಕಲ್ಪನೆಯನ್ನು ಬರೆದಿಟ್ಟರು. ಡೇವಿಡ್ ಬಾಗ್ಸ್ ಅವರೊಡನೆ ಸೇರಿ ಅದನ್ನು ಕಾರ್ಯಗತಮಾಡಿದರು. ಒಂದೇ ತಂತಿಯನ್ನು ಅನೇಕ ಯಂತ್ರಗಳು ಹಂಚಿಕೊಳ್ಳುವುದು, ಇಬ್ಬರ ಮಾತು ಒಂದಕ್ಕೊಂದು ಡಿಕ್ಕಿಹೊಡೆದರೆ ಸ್ವಲ್ಪ ಹೊತ್ತು ಕಾದು ಮತ್ತೆ ಆಡುವುದು, ಇದು ಅದರ ಮೂಲ ನಿಯಮ. ೧೯೯೦ರಲ್ಲಿ ಕಲ್ಪನಾ ಎಂಬ ಸಂಸ್ಥೆಯು ಈಥರ್‌ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದಿತು. ಆ ಸಂಸ್ಥೆಯ ಸ್ಥಾಪಕರಲ್ಲೊಬ್ಬರು ಭಾರತೀಯ ಮೂಲದ ವಿನೋದ್ ಭಾರದ್ವಾಜ್ ಅವರು. ಸ್ವಿಚ್ಚು ಬಂದಮೇಲೆ ಡಿಕ್ಕಿ ತಪ್ಪಿತು; ಆದರೆ ನಷ್ಟ ತಪ್ಪಲಿಲ್ಲ. ಸ್ವಿಚ್ಚಿನ ಸ್ಮೃತಿಯಲ್ಲಿ ಸ್ಥಳ ಸಾಲದಾದಾಗ ಅದು ಬಂದ ಪೊಟ್ಟಣವನ್ನು ನಿಸ್ಸಂಕೋಚವಾಗಿ ಕೈಬಿಡುತ್ತಿತ್ತು. ಮತ್ತೆ ಕಳುಹಿಸುವ ಹೊಣೆ ಮೇಲಿನ ಸ್ತರದ ನಿಯಮಗಳದು. ಇದು ಪತ್ರದ ಧರ್ಮ.

ಎರಡನೆಯ ತಂತಿ ಸಂಗ್ರಹಕ್ಕೆ ಸಂಬಂಧಿಸಿದುದು. ಗಣಕವು ತನ್ನ ಡಿಸ್ಕಿನೊಡನೆ ಮಾತನಾಡುವ ಸ್ಕಸಿ ಎಂಬ ಭಾಷೆ ೧೯೮೬ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕವಾಯಿತು. ಅಗಲವಾದ ಗಿಡ್ಡ ಕೇಬಲ್ಲಿನಲ್ಲಿ ಸಾಗುತ್ತಿದ್ದ ಈ ಭಾಷೆಯನ್ನು ದೂರಕ್ಕೆ ಒಯ್ಯಲು ಬಂದ ವಾಹನವೇ ಫೈಬರ್ ಚಾನೆಲ್. ಇದರ ಮಾನಕಕ್ಕೆ ೧೯೯೪ರಲ್ಲಿ ಅನುಮೋದನೆ ದೊರೆಯಿತು. ಇದರ ನಿಯಮವು ಬ್ಯಾಂಕಿನವರಿಗೆ ಚಿರಪರಿಚಿತವಾದುದು. ಪಡೆಯುವವನು ಮೊದಲು ಕಳುಹಿಸುವವನಿಗೆ ಇಂತಿಷ್ಟು ಫ್ರೇಮುಗಳಿಗೆ ಕ್ರೆಡಿಟ್, ಅಂದರೆ ಪತ್ತು, ಕೊಡುತ್ತಾನೆ. ಆ ಪತ್ತು ತೀರಿದೊಡನೆ ಕಳುಹಿಸುವವನು ನಿಲ್ಲಬೇಕು. ಹೊಸ ಪತ್ತು ಬಂದಮೇಲೆಯೇ ಮುಂದಿನ ಫ್ರೇಮು ಹೊರಡತಕ್ಕದ್ದು. ಆದುದರಿಂದ ಸ್ಥಳವಿಲ್ಲವೆಂಬ ಕಾರಣದಿಂದ ಇಲ್ಲಿ ಏನೂ ಕಳೆದುಹೋಗುವುದಿಲ್ಲ. ಇದು ವೋಚರಿನ ಧರ್ಮ.

ಈ ಎರಡು ತಂತಿಗಳ ಭಾರ ಎಲ್ಲರ ಕಣ್ಣಿಗೂ ಬಿದ್ದದ್ದು ಬ್ಲೇಡ್ ಸರ್ವರುಗಳು ಬಂದಮೇಲೆ. ೨೦೦೧ರಲ್ಲಿ ಆರ್.ಎಲ್.ಎಕ್ಸ್. ಟೆಕ್ನಾಲಜೀಸ್ ಸಂಸ್ಥೆಯು ಒಂದೇ ಪೆಟ್ಟಿಗೆಯಲ್ಲಿ ೨೪ ತೆಳುವಾದ ಸರ್ವರುಗಳನ್ನು ನಿಲ್ಲಿಸಿತು. ೨೦೦೨ರಲ್ಲಿ ಐ.ಬಿ.ಎಂ. ಸಂಸ್ಥೆಯ ಬ್ಲೇಡ್‌ಸೆಂಟರ್ ಬಂದಿತು. ೨೦೦೬ರ ಎಚ್.ಪಿ. ಸಂಸ್ಥೆಯ ಸಿ-೭೦೦೦ ಪೆಟ್ಟಿಗೆಯಲ್ಲಿ ೧೬ ಅರ್ಧ ಎತ್ತರದ ಬ್ಲೇಡುಗಳೂ, ಹಿಂಬದಿಯಲ್ಲಿ ಸಂಪರ್ಕ ಸಾಧನಗಳಿಗಾಗಿ ೮ ಗೂಡುಗಳೂ ಇದ್ದುವು. ಈಗ ಲೆಕ್ಕವನ್ನು ನೋಡೋಣ. ಒಂದು ಕೆಟ್ಟರೆ ಇನ್ನೊಂದಿರಲೆಂದು ಪ್ರತಿ ಸರ್ವರಿಗೂ ಜಾಲಕ್ಕೆ ಎರಡು, ಸಂಗ್ರಹಕ್ಕೆ ಎರಡು ಸಂಪರ್ಕಗಳು ಬೇಕು. ೧೬ ಸರ್ವರುಗಳಿಗೆ ಒಟ್ಟು ೬೪. ಬಿಡಿ ಸರ್ವರುಗಳಾಗಿದ್ದರೆ ಇವು ೬೪ ಕೇಬಲ್ಲುಗಳಾಗುತ್ತಿದ್ದುವು. ಬ್ಲೇಡ್ ಪೆಟ್ಟಿಗೆಯ ನಡುಫಲಕವು ಇವನ್ನು ತನ್ನೊಳಗೇ ಅಡಗಿಸಿಕೊಂಡಿತಾದರೂ, ಪ್ರತಿ ಬ್ಲೇಡಿಗೆ ಎರಡು ಬಗೆಯ ಕಾರ್ಡುಗಳೂ, ಹಿಂಬದಿಯಲ್ಲಿ ಎರಡು ಜೊತೆ ಸ್ವಿಚ್ಚುಗಳೂ ಬೇಕಾಗಿಯೇ ಉಳಿದುವು. ಬೆಲೆ, ವಿದ್ಯುತ್ತು, ತಾಪ ಮೂರೂ ಇಮ್ಮಡಿಯ ಕಡೆಗೆ ಸಾಗಿದುವು.

ಏಕೀಕರಣದ ಆಸೆ ಇದಕ್ಕೂ ಹಿಂದಿನದೇ. ಎರಡು ಪ್ರತಿಸ್ಪರ್ಧಿ ಯೋಜನೆಗಳು ಕೂಡಿ ೧೯೯೯ರಲ್ಲಿ ಹುಟ್ಟಿದ ಇನ್ಫಿನಿಬ್ಯಾಂಡ್ ಎಲ್ಲ ತಂತಿಗಳ ಸ್ಥಾನವನ್ನೂ ತಾನೇ ವಹಿಸಬೇಕೆಂದು ಹೊರಟಿತು. ಕೊನೆಗೆ ವೈಜ್ಞಾನಿಕ ಗಣನೆಯ ಮಹಾಯಂತ್ರಗಳಲ್ಲಿ ನೆಲೆ ಕಂಡಿತು. ೨೦೦೪ರಲ್ಲಿ ಮಾನಕವಾಗಿ ಪ್ರಕಟವಾದ ಐ-ಸ್ಕಸಿ, ಸ್ಕಸಿ ಭಾಷೆಯನ್ನು ಅಂತರ್ಜಾಲದ ನಿಯಮಗಳ ಮೇಲೆಯೇ ಸಾಗಿಸಿತು. ಆದರೆ ಫೈಬರ್ ಚಾನೆಲ್ಲಿನಲ್ಲಿ ಆಗಲೇ ಹಣ ಹೂಡಿದ್ದ ದೊಡ್ಡ ಸಂಸ್ಥೆಗಳು ತಮ್ಮ ಹಳೆಯ ವ್ಯವಸ್ಥೆಯನ್ನು ಬಿಡಲು ಒಪ್ಪಲಿಲ್ಲ.

ಹೀಗಿರಲಾಗಿ ೨೦೦೭ರಲ್ಲಿ ಹೊಸ ಸೂಚನೆಯೊಂದು ಟಿ-೧೧ ಎಂಬ ಮಾನಕ ಸಮಿತಿಯ ಮುಂದೆ ಬಂದಿತು. ಫೈಬರ್ ಚಾನೆಲ್ಲಿನ ಫ್ರೇಮನ್ನು ಎಳ್ಳಷ್ಟೂ ಬದಲಿಸದೆ, ಲಕೋಟೆಯೊಳಗೆ ಲಕೋಟೆಯನ್ನಿಟ್ಟಂತೆ, ಈಥರ್‌ನೆಟ್ ಫ್ರೇಮಿನೊಳಗಿಟ್ಟು ಸಾಗಿಸುವುದು ಅದರ ಸಾರ. ಇದಕ್ಕೆ ಎರಡು ಅಡ್ಡಿಗಳಿದ್ದುವು. ಫೈಬರ್ ಚಾನೆಲ್ ಫ್ರೇಮಿನ ಹೂರಣ ೨೧೧೨ ಬೈಟುಗಳವರೆಗೆ ಇರಬಲ್ಲುದು. ಸಾಮಾನ್ಯ ಈಥರ್‌ನೆಟ್ಟಿನ ಮಿತಿ ೧೫೦೦. ಲಕೋಟೆಯನ್ನು ಹಿಗ್ಗಿಸಿ ಈ ಅಡ್ಡಿಯನ್ನು ದಾಟಿದರು. ಎರಡನೆಯದು ಹೆಚ್ಚು ಗಂಭೀರವಾದುದು: ಪೊಟ್ಟಣಗಳನ್ನು ಕೈಬಿಡುವ ಅಭ್ಯಾಸವುಳ್ಳ ತಂತಿಯ ಮೇಲೆ ವೋಚರನ್ನು ಸಾಗಿಸುವುದು ಹೇಗೆ?

೧೯೯೭ರಿಂದಲೂ ಈಥರ್‌ನೆಟ್ಟಿನಲ್ಲಿ ‘ನಿಲ್ಲು’ ಎಂದು ಹೇಳುವ ಸಂಕೇತವೊಂದಿತ್ತು. ಆದರೆ ಅದು ಇಡೀ ಸಂಪರ್ಕವನ್ನೇ ನಿಲ್ಲಿಸುತ್ತಿತ್ತು. ಒಂದು ಕೌಂಟರಿನಲ್ಲಿ ಜನ ಹೆಚ್ಚಿದರೆಂದು ಬ್ಯಾಂಕಿನ ಬಾಗಿಲನ್ನೇ ಮುಚ್ಚಿದಂತೆ. ಐ.ಇ.ಇ.ಇ. ಸಂಸ್ಥೆಯವರು ಸಂಚಾರವನ್ನು ೮ ವರ್ಗಗಳಾಗಿ ವಿಂಗಡಿಸಿ, ಬೇಕಾದ ವರ್ಗವೊಂದನ್ನು ಮಾತ್ರ ನಿಲ್ಲಿಸುವ ನಿಯಮವನ್ನು ರೂಪಿಸಿದರು. ಪ್ರತಿ ವರ್ಗಕ್ಕೂ ತಂತಿಯಲ್ಲಿ ಇಂತಿಷ್ಟು ಪಾಲೆಂದು ಗೊತ್ತುಪಡಿಸುವ ಇನ್ನೊಂದು ನಿಯಮವೂ ಜೊತೆಗೆ ಬಂದಿತು. ಟಿ-೧೧ ಸಮಿತಿಯ ಕೆಲಸ ೨೦೦೯ರಲ್ಲಿ ಮುಗಿಯಿತು, ಐ.ಇ.ಇ.ಇ. ನಿಯಮಗಳೆರಡೂ ೨೦೧೧ರಲ್ಲಿ ಪ್ರಕಟವಾದುವು. ಸಿಸ್ಕೋ ಸಂಸ್ಥೆಯ ನೆಕ್ಸಸ್ ೫೦೦೦ ಸ್ವಿಚ್ಚುಗಳು ೨೦೦೮ರಲ್ಲಿಯೇ ಬಂದಿದ್ದುವೆಂಬುದನ್ನು ನೆನೆದರೆ, ಇಲ್ಲಿ ಮಾರುಕಟ್ಟೆಯು ಮಾನಕಕ್ಕಿಂತ ಮುಂದೆ ನಡೆಯಿತೆಂಬುದು ವಾಚಕರಿಗೆ ತಿಳಿದೀತು.

ಈ ವಿದ್ಯೆಗೆ ತಕ್ಕ ನೆಲ ದೊರೆತದ್ದು ಬ್ಲೇಡ್ ಪೆಟ್ಟಿಗೆಯೊಳಗೆ. ನಡುಫಲಕದ ಮೇಲೆ ಸೆಕೆಂಡಿಗೆ ೧೦ ಗಿಗಾಬಿಟ್ ವೇಗದ ಈಥರ್‌ನೆಟ್ ಸಾಗುವುದಕ್ಕೆ ೨೦೦೭ರಲ್ಲಿ ಮಾನಕವಾಗಿತ್ತು. ಸಿಸ್ಕೋ ಸಂಸ್ಥೆಯು ೨೦೦೯ರಲ್ಲಿ ಪ್ರಕಟಿಸಿದ ಯು.ಸಿ.ಎಸ್. ವ್ಯವಸ್ಥೆಯಲ್ಲಿ ಪ್ರತಿ ಬ್ಲೇಡಿನ ಎರಡೂ ಸಂಚಾರಗಳು ಒಂದೇ ಹಾದಿಯಲ್ಲಿ ಹೊರಟು, ಪೆಟ್ಟಿಗೆಗಳ ಮೇಲಿನ ಕೇಂದ್ರ ಸ್ವಿಚ್ಚನ್ನು ಸೇರುತ್ತಿದ್ದುವು. ಎಚ್.ಪಿ. ಸಂಸ್ಥೆಯ ೨೦೧೦ರ ಫ್ಲೆಕ್ಸ್‌ಫ್ಯಾಬ್ರಿಕ್‌ನಲ್ಲಿ ೧೦ ಗಿಗಾಬಿಟ್ಟಿನ ಒಂದು ದ್ವಾರವು ಬ್ಲೇಡಿನ ಕಣ್ಣಿಗೆ ನಾಲ್ಕು ದ್ವಾರಗಳಾಗಿ ತೋರುತ್ತಿತ್ತು. ಅವುಗಳಲ್ಲೊಂದನ್ನು ಸಂಗ್ರಹಕ್ಕೆ ಮೀಸಲಿಡಬಹುದಾಗಿತ್ತು. ಎರಡು ಬಗೆಯ ಕಾರ್ಡುಗಳ ಕೆಲಸವನ್ನು ಒಂದೇ ಅಡಾಪ್ಟರು ಮಾಡಿತು. ಎರಡು ಜೊತೆ ಸ್ವಿಚ್ಚುಗಳ ಸ್ಥಾನದಲ್ಲಿ ಒಂದೇ ಜೊತೆ ಸಾಕಾಯಿತು.

ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಈ ಎರಡು ವ್ಯವಸ್ಥೆಗಳಲ್ಲಿಯೂ ಕೂಡಿ ಬಂದ ಸಂಚಾರಗಳು ಮೊದಲ ಮಜಲಿನ ಕೊನೆಯಲ್ಲಿ ಸಾಮಾನ್ಯವಾಗಿ ಮತ್ತೆ ಬೇರ್ಪಡುತ್ತಿದ್ದುವು: ಪತ್ರಗಳು ಈಥರ್‌ನೆಟ್ಟಿಗೆ, ವೋಚರುಗಳು ಹಳೆಯ ಫೈಬರ್ ಚಾನೆಲ್ ಜಾಲಕ್ಕೆ. ಡಿಸ್ಕಿನ ಬಾಗಿಲವರೆಗೂ ಒಂದೇ ತಂತಿಯಿರಬೇಕೆಂಬ ಮೂಲ ಸಂಕಲ್ಪ ವ್ಯಾಪಕವಾಗಿ ನೆರವೇರಲಿಲ್ಲ. ಕಾರಣಗಳು ತಂತ್ರದಲ್ಲಿಯೂ ಇದ್ದುವು, ಮನುಷ್ಯರಲ್ಲಿಯೂ ಇದ್ದುವು. ‘ನಿಲ್ಲು’ ಎಂಬ ಸಂಕೇತವು ಸ್ವಿಚ್ಚಿನಿಂದ ಸ್ವಿಚ್ಚಿಗೆ ಹಿಂದೆ ಹಿಂದೆ ಹಬ್ಬಿ, ಸಂಬಂಧವಿಲ್ಲದವರನ್ನೂ ನಿಲ್ಲಿಸಬಲ್ಲುದು; ಜಾಲವು ಹಿರಿದಾದಷ್ಟೂ ಈ ಭಯ ಹೆಚ್ಚು. ಫೈಬರ್ ಚಾನೆಲ್ ತಾನೂ ಸುಮ್ಮನಿರದೆ ೨೦೧೧ರ ವೇಳೆಗೆ ೧೬ ಗಿಗಾಬಿಟ್ಟಿಗೆ ಏರಿತು. ಇವೆಲ್ಲಕ್ಕಿಂತ ಮುಖ್ಯವಾಗಿ, ಜಾಲವನ್ನು ನೋಡಿಕೊಳ್ಳುವವರು ಬೇರೆ, ಸಂಗ್ರಹವನ್ನು ನೋಡಿಕೊಳ್ಳುವವರು ಬೇರೆ. ಜಾಲದವರಿಗೆ ನಡುರಾತ್ರಿಯಲ್ಲಿ ಸ್ವಿಚ್ಚನ್ನು ಮತ್ತೆ ಚಾಲೂಮಾಡುವುದು ಸಾಮಾನ್ಯ ಕೆಲಸ. ಸಂಗ್ರಹದವರಿಗೆ ಅದು ಎದೆ ನಡುಗಿಸುವ ಮಾತು. ತಂತಿಯನ್ನು ಒಂದು ಮಾಡಬಹುದು. ಹೊಣೆಯನ್ನು ಒಂದು ಮಾಡುವುದು ಅಷ್ಟು ಸುಲಭವಲ್ಲ.

ಹಾಗೆಂದು ಈ ಪ್ರಯತ್ನ ವ್ಯರ್ಥವಾಯಿತೆಂದು ಬಗೆಯಬಾರದು. ಸಂಗ್ರಹಕ್ಕಾಗಿ ಈಥರ್‌ನೆಟ್ಟಿಗೆ ಕಲಿಸಿದ ಸಂಯಮವು ಈಥರ್‌ನೆಟ್ಟಿನಲ್ಲಿಯೇ ಉಳಿಯಿತು. ಒಂದು ಯಂತ್ರದ ಸ್ಮೃತಿಯಿಂದ ಇನ್ನೊಂದರ ಸ್ಮೃತಿಗೆ ನೇರವಾಗಿ ದತ್ತಾಂಶವನ್ನು ಸಾಗಿಸುವ ರೋಸಿ ಎಂಬ ವಿಧಾನವು ೨೦೧೦ರಲ್ಲಿ ರೂಪುಗೊಂಡಾಗ ಇದೇ ನಿಯಮಗಳನ್ನು ಆಧರಿಸಿತು. ಇಂದು ಕೃತಕ ಬುದ್ಧಿಮತ್ತೆಯ ಗಣಕ ಸಮೂಹಗಳಲ್ಲಿಯೂ ಅದು ಬಳಕೆಯಲ್ಲಿದೆ. ಎರಡು ವ್ಯವಸ್ಥೆಗಳನ್ನು ಕೂಡಿಸಹೊರಟವರು ಗಳಿಸಿದ್ದು ಮಿತವಾದ ಐಕ್ಯ. ಒಬ್ಬನೇ ಒಡೆಯನಿರುವ ಪೆಟ್ಟಿಗೆಯೊಳಗೆ ಅದು ದೃಢವಾಗಿ ನಿಂತಿತು, ಅದರಾಚೆಗೆ ಹಿಂಜರಿಯಿತು. ವಿಲೀನದ ಮಾತನ್ನು ಪದೇ ಪದೇ ಕೇಳುತ್ತಿರುವ ನಮ್ಮ ಕಾಲದವರು ಈ ಸಣ್ಣ ಚರಿತ್ರೆಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕಳೆದರೂ ನಡೆಯುವ ವಸ್ತು ಯಾವುದು, ಕಳೆಯಲೇಬಾರದ ವಸ್ತು ಯಾವುದು ಎಂಬುದನ್ನು ಮೊದಲು ನಿರ್ಣಯಿಸಿ, ಆಮೇಲೆ ಹಾದಿಯನ್ನು ಒಂದು ಮಾಡತಕ್ಕದ್ದು.