ಮರಾನ ಸ್ನಾನದ ತೊಟ್ಟಿ

1793ರ ಜುಲೈ 13ರಂದು ಕ್ರಾಂತಿಕಾರಿ ಪತ್ರಕರ್ತ ಝಾನ್ ಪಾಲ್ ಮರಾ ಪ್ಯಾರಿಸ್ಸಿನ ತನ್ನ ಮನೆಯ ಸ್ನಾನದ ತೊಟ್ಟಿಯಲ್ಲಿ ಕೊಲೆಯಾದನು. ಫ್ರೆಂಚ್ ಕ್ರಾಂತಿಯ ಚರಿತ್ರೆಯಲ್ಲಿ ಈ ಘಟನೆ ಸುಪ್ರಸಿದ್ಧ. ಅವನು ಆ ತೊಟ್ಟಿಯಲ್ಲಿ ಏಕಿದ್ದನೆಂಬ ಪ್ರಶ್ನೆ ಮಾತ್ರ ಕೊಲೆಯ ಕಥನದಲ್ಲಿ ಮರೆಯಾಗುತ್ತದೆ.

ಸ್ವತಃ ವೈದ್ಯನಾಗಿದ್ದ ಮರಾ ವರ್ಷಗಳಿಂದ ತೀವ್ರ ತುರಿಕೆಯ ಚರ್ಮವ್ಯಾಧಿಯಿಂದ ಬಳಲುತ್ತಿದ್ದನು. ನೀರಿನಲ್ಲಿ ಕುಳಿತರೆ ಉರಿ ತುಸು ಶಮನವಾಗುತ್ತಿತ್ತು. ವ್ಯಾಧಿ ಉಲ್ಬಣಿಸಿ, 1793ರ ಜೂನ್ ತಿಂಗಳಿಂದ ರಾಷ್ಟ್ರೀಯ ಪ್ರತಿನಿಧಿಸಭೆಗೆ ಹೋಗುವುದೂ ನಿಂತಿತು. ತೊಟ್ಟಿಯೇ ಅವನ ಕಾರ್ಯಾಲಯವಾಯಿತು. ಪತ್ರಿಕೆಗೆ ಬರೆದದ್ದು, ಸಭೆಗೆ ಪತ್ರಗಳನ್ನು ಕಳುಹಿಸಿದ್ದು, ಸಂದರ್ಶಕರನ್ನು ಕಂಡದ್ದು ಅಲ್ಲಿಂದಲೇ. ಹಂತಕಿ ಶಾರ್ಲೊಟ್ ಕೋರ್ಡೇ ಒಳಬಂದದ್ದೂ ಅಂತಹ ಸಂದರ್ಶಕಳಾಗಿಯೇ.

ಹಿಂದಿನ ದಿನವಷ್ಟೇ ಅವನನ್ನು ಕಂಡಿದ್ದ ಚಿತ್ರಕಾರ ದಾವೀದ್ ಅದೇ ವರ್ಷ ರಚಿಸಿದ ಚಿತ್ರದಲ್ಲಿ ಗಾಯವಿದೆ, ರಕ್ತವಿದೆ, ಲೇಖನಿಯಿದೆ; ವ್ಯಾಧಿಯ ಗುರುತಿಲ್ಲ. ಹುತಾತ್ಮನನ್ನು ನಿರ್ಮಿಸಲು ರೋಗಿಯನ್ನು ಅಳಿಸಬೇಕಾಯಿತು.

ರಕ್ತ ತಗುಲಿದ ಪತ್ರಿಕೆಯ ಹಾಳೆಗಳನ್ನು ಸೋದರಿ ಆಲ್ಬರ್ತೀನ್ ಕಾಪಾಡಿದಳು. ಅವುಗಳ ಡಿ.ಎನ್.ಎ. ಪರೀಕ್ಷಿಸಿದ ಈಚಿನ ಸಂಶೋಧಕರಿಗೆ ಸಿಫಿಲಿಸ್, ಕುಷ್ಠ ಎಂಬ ಹಳೆಯ ಊಹೆಗಳಿಗೆ ಆಧಾರ ದೊರೆಯಲಿಲ್ಲ. ಚರ್ಮದ ಉರಿಯೂತದೊಡನೆ ಸಂಬಂಧವಿರುವ ಶಿಲೀಂಧ್ರವೊಂದರ ಕುರುಹು ದೊರೆಯಿತು.

ಮರಾನ ಬರಹಗಳು ರಕ್ತಪಾತವನ್ನು ಬೇಡಿದವು. ವ್ಯಾಧಿ ಅದಕ್ಕೆ ಸಮರ್ಥನೆಯಾಗದು. ಆದರೂ ಆ ತೊಟ್ಟಿಯನ್ನು ಕೊಲೆಯ ಸ್ಥಳವೆಂದಷ್ಟೇ ಓದಿದರೆ, ದೇಹ ಸಹಕರಿಸದಾಗಲೂ ಕೆಲಸ ಮುಂದುವರಿಸಲು ಒಬ್ಬ ರೋಗಿ ಕಂಡುಕೊಂಡ ಏರ್ಪಾಡು ಚರಿತ್ರೆಯಿಂದ ಜಾರಿಹೋಗುತ್ತದೆ.