ಬಣ್ಣ ಹೊಡೆಸೋ ಮೊದಲು ಗೋಡೆ ತೊಳೆದ್ರಾ? ಮಲೆನಾಡಿನ ಮನೆ, ಅಂಗಡಿಗಳಿಗೆ ಇಲ್ಲಿದೆ ಮಾಹಿತಿ

ತೀರ್ಥಹಳ್ಳಿ: ಮಳೆ ಬಿಟ್ಟ ಕೂಡಲೇ ತಾಲೂಕಿನಲ್ಲಿ ಪೇಂಟ್ ಕೆಲಸ ಶುರುವಾಗುತ್ತೆ. ದೀಪಾವಳಿ, ತುಳಸಿ ಪೂಜೆ, ಅದರ ಹಿಂದೇನೇ ಮದುವೆ ಸೀಸನ್. ಎಲ್ಲರಿಗೂ ಅರ್ಜೆಂಟ್. ಯಾವ ಕಂಪನಿ ಪೇಂಟು, ಯಾವ ಕಲರು, ಎಷ್ಟು ವರ್ಷ ಗ್ಯಾರಂಟಿ ಅಂತ ವಾರಗಟ್ಟಲೆ ಚರ್ಚೆ ಮಾಡ್ತೀವಿ. ಗೋಡೆ ತೊಳೆಯೋ ವಿಷಯ ಮಾತ್ರ ‘ಅದೇನ್ ಬಿಡಿ, ಒಂದ್ಸಲ ನೀರು ಹೊಡೆದ್ರಾಯ್ತು’ ಅನ್ನೋದ್ರಲ್ಲೇ ಮುಗಿಯುತ್ತೆ.

ನಮ್ಮನೇಲಿ ಆಗಿದ್ದೇ ಹೇಳ್ತೀನಿ. ಅಕ್ಕನ ಮದುವೆಗೆ ಮೊದಲು ಹೊರಗಿನ ಗೋಡೆಗೆ ಬಣ್ಣ ಹೊಡೆಸಿದ್ವಿ. ಬೆಳಿಗ್ಗೆ ನೀರು ಹೊಡೆದ್ರು, ಮಧ್ಯಾಹ್ನ ಊಟ ಮಾಡಿ ಪ್ರೈಮರ್ ಹಚ್ಚಿದ್ರು. ತಡೀರಿ ಅನ್ನೋಕೆ ನಮಗೂ ಗೊತ್ತಿರಲಿಲ್ಲ. ಮದುವೆ ಫೋಟೋದಲ್ಲಿ ಮನೆ ಚೆನ್ನಾಗೇ ಬಂದಿದೆ. ಮುಂದಿನ ಆಷಾಢ ಕಳೆಯೋ ಹೊತ್ತಿಗೆ ಪಶ್ಚಿಮದ ಗೋಡೆ ಹಪ್ಪಳದ ಥರ ಉಬ್ಬಿ, ಉಗುರಲ್ಲಿ ಕೆರೆದರೆ ಅಂಗೈ ಅಗಲದ ಪದರ ಕೈಗೆ ಬರ್ತಿತ್ತು. ಒಳಗಡೆ ಹಳೇ ಪಾಚಿ ಹಾಗೇ ಇತ್ತು.

ಪೇಂಟು ಗೋಡೆಗೆ ಅಂಟಬೇಕು. ಮಧ್ಯದಲ್ಲಿ ಧೂಳು, ಪಾಚಿ, ಸುಣ್ಣದ ಪುಡಿ ಅಥವಾ ನೀರು ಇದ್ರೆ ಅದು ಅಂಟಿಕೊಳ್ಳೋದು ಅದಕ್ಕೇ, ಗೋಡೆಗಲ್ಲ. ಎಷ್ಟು ದುಬಾರಿ ಪೇಂಟಾದ್ರೂ ಅಷ್ಟೇ.

ಮೊದಲು ಗೋಡೆ ನೋಡಿ

ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಹಾಗಾಗಿ ನಮ್ಮ ಕಡೆ ಗೋಡೆ ಮೇಲೆ ಇರೋದು ಬರೀ ಧೂಳಲ್ಲ. ಮುಂಗಾರು ಬೀಸೋದು ನೈರುತ್ಯದಿಂದ, ಆದ್ದರಿಂದ ಆ ಬದಿ ಗೋಡೆಗೆ ಏಟು ಜಾಸ್ತಿ. ಉತ್ತರದ ಗೋಡೆಗೆ ಚಳಿಗಾಲದಲ್ಲಿ ಬಿಸಿಲೇ ಬೀಳಲ್ಲ, ಅಲ್ಲಿ ಪಾಚಿ ಹೋಗೋದೇ ಇಲ್ಲ. ನಾಲ್ಕೂ ಗೋಡೆಗೆ ಒಂದೇ ಲೆಕ್ಕ ಹಾಕಬೇಡಿ.

ಅಂಗೈಯಿಂದ ಗೋಡೆ ಉಜ್ಜಿ ನೋಡಿ. ಕೈಗೆ ಪುಡಿ ಹತ್ತಿದ್ರೆ ಹಳೇ ಬಣ್ಣ ಸತ್ತಿದೆ ಅಂತ ಅರ್ಥ. ಸುಣ್ಣ, ಸ್ನೋಸೆಮ್ ಥರದ ಸಿಮೆಂಟ್ ಪೇಂಟ್ ಹೊಡೆದ ಹಳೇ ಗೋಡೆಗಳಲ್ಲಿ ಇದು ಮಾಮೂಲು. ಅಂಥ ಗೋಡೆಗೆ ಎಮಲ್ಷನ್ ಹಚ್ಚೋದಿದ್ರೆ ಸಡಿಲ ಇರೋದನ್ನೆಲ್ಲ ಪಟ್ಟಿಯಲ್ಲಿ ಕೆರೆದು, ತಂತಿ ಬ್ರಷ್‌ನಲ್ಲಿ ಉಜ್ಜಿ ತೆಗೀಬೇಕು. ಬರೀ ನೀರಿಗೆ ಅದು ಹೋಗಲ್ಲ. ಹಸಿರು, ಕಪ್ಪು ಕಲೆ ಇದ್ರೆ ಪಾಚಿ, ಬೂಸ್ಟು.

ಬಿಳಿ ಹತ್ತಿಯ ಥರ ಉಪ್ಪು ಎದ್ದಿದ್ರೆ ಕತೆ ಬೇರೆ. ಅದಕ್ಕೆ ಮೊದಲೇ ನೀರು ಹಾಕಬಾರದು. ನೀರು ಹಾಕಿದ್ರೆ ಉಪ್ಪು ಕರಗಿ ವಾಪಸ್ ಗೋಡೆ ಒಳಗೇ ಹೋಗುತ್ತೆ, ಒಣಗಿದ ಮೇಲೆ ಮತ್ತೆ ಹೊರಗೆ ಬರುತ್ತೆ. ಒಣ ಬ್ರಷ್‌ನಲ್ಲಿ ಉಜ್ಜಿ ಉದುರಿಸಿ, ಬಿದ್ದ ಪುಡಿ ಗುಡಿಸಿ ತೆಗೀರಿ. ಉಪ್ಪು ಎದ್ದಿದೆ ಅಂದ್ರೆ ಎಲ್ಲಿಂದಲೋ ನೀರು ಒಳಗೆ ಬರ್ತಿದೆ. ಟೆರೇಸ್ ಪೈಪ್ ಲೀಕು, ಸಜ್ಜಾದ ಮೇಲೆ ಎಲೆ ಕಟ್ಟಿಕೊಂಡು ನಿಂತ ನೀರು, ಗೋಡೆ ಬುಡಕ್ಕೆ ಪೇರಿಸಿದ ಮಣ್ಣು, ಇವನ್ನ ಮೊದಲು ಸರಿ ಮಾಡಿಸಿ. ಇಲ್ಲಾಂದ್ರೆ ಪೇಂಟಿನ ದುಡ್ಡು ದಂಡ.

ತೊಳೆಯೋದು ಹೇಗೆ

ಮೇಲಿಂದ ಶುರು ಮಾಡಿ. ಪ್ಯಾರಾಪಿಟ್, ಸಜ್ಜಾ, ದೋಣಿ ಇವುಗಳ ಕಸ ತೆಗೆದ ಮೇಲೆ ಗೋಡೆ. ಕೆಳಗಿನ ಗೋಡೆ ತೊಳೆದಾದ ಮೇಲೆ ಸಜ್ಜಾ ಗುಡಿಸಿದ್ರೆ ಕಪ್ಪು ನೀರು ಮತ್ತೆ ಇಳಿಯುತ್ತೆ.

ಪಾಚಿಗೆ ಅಗ್ಗದ ಮದ್ದು ಬ್ಲೀಚಿಂಗ್ ಪೌಡರ್. 10 ಲೀಟರ್ ನೀರಿಗೆ 1 ಕೆ.ಜಿ. ಲೆಕ್ಕದಲ್ಲಿ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕದಡಿ, ತಳ ಕಟ್ಟೋಕೆ ಬಿಡಿ, ಮೇಲಿನ ತಿಳಿ ನೀರು ಬಳಸಿ. ಪ್ಯಾಕೆಟ್ ಹೊಸದಿರಲಿ. ಒಡೆದು ಇಟ್ಟ ಪೌಡರ್ ದಿನ ಕಳೆದಂಗೆ ಶಕ್ತಿ ಕಳ್ಕೊಳ್ಳುತ್ತೆ, ಹೋದ ವರ್ಷದ ಬಾವಿಗೆ ಹಾಕಿ ಉಳಿದದ್ದು ಕೆಲಸಕ್ಕೆ ಬರಲ್ಲ. ಮೊದಲು ದಪ್ಪ ಪಾಚಿ ಬ್ರಷ್‌ನಲ್ಲಿ ಕೆರೆದು ತೆಗೆದು, ಆಮೇಲೆ ಈ ನೀರನ್ನ ಬುಡದಿಂದ ಮೇಲಕ್ಕೆ ಹಚ್ಚಿಕೊಂಡು ಹೋಗಿ. ಮೇಲಿಂದ ಹಚ್ಚಿದ್ರೆ ಒಣ ಗೋಡೆ ಮೇಲೆ ಗೆರೆ ಗೆರೆ ಇಳಿಯುತ್ತೆ. ಅರ್ಧ ಗಂಟೆ ಬಿಟ್ಟು ಉಜ್ಜಿ, ಈಗ ಮೇಲಿಂದ ಕೆಳಕ್ಕೆ ಚೆನ್ನಾಗಿ ನೀರು ಹಾಕಿ ತೊಳೀರಿ. ತೊಳೆಯದೇ ಬಿಟ್ಟರೆ ಬ್ಲೀಚಿಂಗ್‌ನ ಬಿಳಿ ಪುಡಿಯೇ ಗೋಡೆ ಮೇಲೆ ಉಳಿದು ಪೇಂಟ್ ಹಿಡಿಯಲ್ಲ.

ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಮುಖ್ಯವಾದ ಮಾತು: ಬ್ಲೀಚಿಂಗ್ ಜೊತೆಗೆ ಬಾತ್‌ರೂಮ್ ತೊಳೆಯೋ ಆಸಿಡ್ ಯಾವ ಕಾರಣಕ್ಕೂ ಸೇರಿಸಬೇಡಿ. ‘ಜೋರಾಗಿ ಕೆಲಸ ಮಾಡ್ಲಿ’ ಅಂತ ಎರಡೂ ಬೆರೆಸೋರು ಇದ್ದಾರೆ. ಅದರಿಂದ ಏಳೋದು ಕ್ಲೋರಿನ್ ಗ್ಯಾಸ್, ಶ್ವಾಸಕೋಶ ಸುಡುತ್ತೆ. ಬರೀ ಆಸಿಡ್ ಕೂಡ ಬೇಡ, ಅದು ಸಿಮೆಂಟ್ ಗಾರೆಯನ್ನೇ ತಿನ್ನುತ್ತೆ.

ನೀರು ಹರಿದು ಹೋಗೋ ದಾರಿ ನೋಡ್ಕೊಳ್ಳಿ. ಬಾವಿ ಹತ್ತಿರ ಇದ್ರೆ ಬಾಯಿ ಮುಚ್ಚಿ, ನೀರು ಆ ಕಡೆ ಹೋಗದಂಗೆ ಮಣ್ಣಿನ ಬದು ಹಾಕಿ. ಗೋಡೆ ಪಕ್ಕದ ಹೂವಿನ ಗಿಡಕ್ಕೆ ಮೊದಲೇ ನೀರು ಹಾಕಿ ಪ್ಲಾಸ್ಟಿಕ್ ಹೊದೆಸಿ. ಅಂಗಳಕ್ಕೆ ಅಡಿಕೆ ಬರೋ ಮುಂಚೆ ಈ ಕೆಲಸ ಮುಗಿಸಿದ್ರೆ ಒಳ್ಳೇದು.

ಪೇಟೆ ಅಂಗಡಿ, ಹೋಟೆಲ್‌ಗಳ ಗೋಡೆಗೆ ಪಾಚಿಗಿಂತ ವಾಹನದ ಹೊಗೆ, ಅಡುಗೆ ಮನೆ ಎಣ್ಣೆ ಜಿಡ್ಡು ಜಾಸ್ತಿ. ಅದಕ್ಕೆ ಬ್ಲೀಚಿಂಗ್ ಅಲ್ಲ, ಸೋಪಿನ ಪುಡಿ ಮತ್ತು ಬಿಸಿ ನೀರು. ಸೋಪು ಪೂರ್ತಿ ಹೋಗೋವರೆಗೆ ತೊಳೀಬೇಕು.

ಪಂಪ್ ಬಳಸೋರಿಗೆ

ಪ್ರೆಶರ್ ವಾಷರ್ ಬಾಡಿಗೆಗೆ ಸಿಕ್ಕಿದ್ರೆ ಸರಿ, ಇಲ್ಲಾಂದ್ರೆ ತೋಟಕ್ಕೆ ಔಷಧಿ ಹೊಡೆಯೋ ಪಂಪ್‌ನಲ್ಲೇ ತೊಳೆಯೋರು ಬಹಳ. ತೊಂದರೆ ಇಲ್ಲ. ಆದ್ರೆ ಡ್ರಮ್ಮು, ಪೈಪು ಮೊದಲೇ ತೋಟದಲ್ಲಿ ಬರೀ ನೀರು ಹೊಡೆದು ಖಾಲಿ ಮಾಡಿ. ಇಲ್ಲಾಂದ್ರೆ ಪೈಪಿನಲ್ಲಿ ಉಳಿದ ಬೋರ್ಡೋದ ನೀಲಿ ನೀರು ಮೊದಲು ಗೋಡೆಗೇ ಬೀಳೋದು. ಗನ್ನಿನ ಮೂತಿ ಗೋಡೆಯಿಂದ ಒಂದಡಿಗಿಂತ ಹತ್ತಿರ ಬೇಡ. ಬಿರುಕು, ಕಿಟಕಿ ಸಂದು, ಹೆಂಚಿನ ಕೆಳಗೆ ನೇರ ಹೊಡೀಬೇಡಿ, ನೀರು ಒಳಗೆ ಹೋಗುತ್ತೆ.

ಮಣ್ಣಿನ ಗೋಡೆ, ಸಡಿಲಾದ ಗಾರೆ, ಗಿಲಾವು ಇಲ್ಲದ ಜಂಬಿಟ್ಟಿಗೆ ಗೋಡೆಗೆ ಪಂಪೇ ಬೇಡ, ಬ್ರಷ್ ಸಾಕು. ಆಸ್ಬೆಸ್ಟಾಸ್ ಶೀಟಿಗೆ ಪ್ರೆಶರ್ ನೀರು ಹೊಡೆಯೋದು, ಒಣಗಿದ್ದಾಗ ಉಜ್ಜೋದು ಎರಡೂ ಅಪಾಯ. ಅದರ ನಾರು ಪುಪ್ಪುಸಕ್ಕೆ ಹೋದ್ರೆ ಕ್ಯಾನ್ಸರ್ ತರುತ್ತೆ.

ಕಿಟಕಿ, ಗ್ರಿಲ್‌ಗಳ ಹಳೇ ಎನಾಮೆಲ್ ಬಣ್ಣದ ಬಗ್ಗೆಯೂ ಹುಷಾರು. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದನ್ನ ಉಜ್ಜಿ ಧೂಳು ಎಬ್ಬಿಸಬೇಡಿ, ನೀರು ಹಾಕಿಕೊಂಡೇ ಉಜ್ಜಿ. ಚಿಕ್ಕ ಮಕ್ಕಳನ್ನ ದೂರ ಇಡಿ.

ಕರೆಂಟ್: ನೀರು ಹೊಡೆಯೋ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಮೀಟರ್ ಬೋರ್ಡು, ಹೊರಗಿನ ಲೈಟು, ಬೆಲ್ ಸ್ವಿಚ್‌ಗೆ ಪ್ಲಾಸ್ಟಿಕ್ ಕಟ್ಟಿ. ಮೇನ್ ಆಫ್ ಆದ್ರೂ ಕಂಬದಿಂದ ಮೀಟರ್‌ವರೆಗಿನ ಸರ್ವಿಸ್ ವೈರ್‌ನಲ್ಲಿ ಕರೆಂಟ್ ಇದ್ದೇ ಇರುತ್ತೆ. ಅದು ಗೋಡೆಗೆ ತಾಗಿಕೊಂಡಿದ್ರೆ, ಅಲ್ಯೂಮಿನಿಯಂ ಏಣಿ ಹಾಕೋ ಜಾಗದಲ್ಲಿದ್ರೆ, ಮೆಸ್ಕಾಂ ಲೈನ್‌ಮನ್‌ಗೆ ಹೇಳಿ ಅಥವಾ 1912ಕ್ಕೆ ಫೋನ್ ಮಾಡಿ.

ಒಣಗೋದು

ನಿಜವಾದ ಕೆಲಸ ಇದೇ. ಅಡಿಕೆ ಒಳಗೆ ಹಸಿ ಇದೆಯಾ ಅಂತ ಒಡೆದು ನೋಡಿ ಮೂಟೆ ಕಟ್ಟೋ ನಾವು ಗೋಡೆ ವಿಷಯದಲ್ಲಿ ಮಾತ್ರ ಮೇಲ್ಮೈ ನೋಡಿ ನಂಬ್ತೀವಿ. ಗಟ್ಟಿ ಗೋಡೆ, ಒಳ್ಳೆ ಬಿಸಿಲು ಇದ್ರೆ ಎರಡು ಮೂರು ದಿನ. ಬಿಸಿಲು ಬೀಳದ ಗೋಡೆಗೆ ವಾರವೂ ಬೇಕಾಗಬಹುದು. ಮಧ್ಯೆ ವಾಯುಭಾರ ಕುಸಿತದ ಮಳೆ ಬಂತಾ, ಮತ್ತೆ ಮೊದಲಿಂದ ಎಣಿಸಿ. ಹೊಸ ಗಾರೆ ಮಾಡಿಸಿದ್ರೆ ಕನಿಷ್ಠ 28 ದಿನ ಬಿಡಬೇಕು.

ಪರೀಕ್ಷೆ ಮಾಡೋದು ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ತೆಗೆದಾಗ ಹಾಳೆಯ ಒಳಗಡೆ ನೀರಿನ ಹನಿ ಇದ್ರೆ, ಅಥವಾ ಆ ಜಾಗ ಕಪ್ಪಾಗಿದ್ರೆ ಗೋಡೆ ಇನ್ನೂ ಒಣಗಿಲ್ಲ.

ಒಣಗ್ತಾ ಇರೋ ಗೋಡೆ ಇನ್ನೊಂದು ಉಪಕಾರ ಮಾಡುತ್ತೆ. ಸುತ್ತ ಎಲ್ಲ ಬೆಳ್ಳಗಾದ್ರೂ ಕೂದಲೆಳೆ ಬಿರುಕುಗಳು ಹಸಿಯಾಗಿ ಕಪ್ಪು ಗೆರೆಯ ಥರ ಉಳಿಯುತ್ತೆ. ಆ ಹೊತ್ತಿಗೆ ಪೆನ್ಸಿಲ್ ಹಿಡ್ಕೊಂಡು ಗುರುತು ಹಾಕಿ. ಪೂರ್ತಿ ಒಣಗಿದ ಮೇಲೆ ಅವು ಕಾಣಲ್ಲ, ಪೇಂಟರ್‌ಗೂ ಕಾಣಲ್ಲ. ಕ್ರ್ಯಾಕ್ ಫಿಲ್ಲರ್ ತುಂಬಿಸಿ ಆಮೇಲೆ ಪ್ರೈಮರ್.

ಚಳಿಗಾಲದಲ್ಲಿ ಬೆಳಿಗ್ಗೆ ಇಬ್ಬನಿ ಇರುತ್ತೆ. ಬಿಸಿಲೇರಿ ಗೋಡೆ ಮುಟ್ಟಿದ್ರೆ ತಣ್ಣಗೆ ಒದ್ದೆ ಅನ್ನಿಸದಿದ್ದಾಗ ಶುರು ಮಾಡಿ, ಸಂಜೆ ತಂಪು ಇಳಿಯೋ ಮೊದಲೇ ನಿಲ್ಲಿಸಿ.

ರೇಟ್ ಮಾತಾಡುವಾಗ

ಚದರಡಿ ಲೆಕ್ಕದಲ್ಲಿ ಮಾತಾಡೋವಾಗ ತೊಳೆಯೋದು ಅದರಲ್ಲಿ ಸೇರಿದೆಯಾ ಅಂತ ಹೆಚ್ಚಿನವರು ಕೇಳೋದೇ ಇಲ್ಲ. ಕೆರೆಯೋದು, ಬ್ಲೀಚಿಂಗ್, ತೊಳೆಯೋದು, ಬಿರುಕು ತುಂಬೋದು, ಇದನ್ನ ಬೇರೆ ಬೇರೆ ಬರೆಸಿಕೊಳ್ಳಿ, ಒಂದೇ ಹಾಳೆ ಸಾಕು. ಪೇಂಟರ್‌ಗಳ ಕಷ್ಟವೂ ಇದೆ. ಗೋಡೆ ಒಣಗಲಿ ಅಂತ ನಾಲ್ಕು ದಿನ ಸುಮ್ಮನೆ ಕೂತ್ರೆ ಅವರಿಗೆ ಕೂಲಿ ಇಲ್ಲ, ಅದಕ್ಕೇ ಮಧ್ಯಾಹ್ನಕ್ಕೇ ಪ್ರೈಮರ್ ಡಬ್ಬ ಒಡೆಯೋದು. ‘ಈ ವಾರ ತೊಳೆದು ಬೇರೆ ಕೆಲಸಕ್ಕೆ ಹೋಗಿ, ಮುಂದಿನ ವಾರ ಬಂದು ಬಣ್ಣ ಹಚ್ಚಿ’ ಅಂತ ಮೊದಲೇ ಮಾತಾಡಿ, ತೊಳೆದ ದಿನದ ಕೂಲಿ ಅವತ್ತೇ ಕೊಟ್ಟರೆ ಯಾರೂ ಬೇಡ ಅನ್ನಲ್ಲ.