ಬೆಳಗಾವಿಯ ಇಬ್ಬರು, ಮುಂಬಯಿಯ ಎರಡು ಕಾದಂಬರಿ

ಕನ್ನಡ ಕಾದಂಬರಿಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಮಂಗಳೂರಿನಿಂದ ಶುರುಮಾಡುತ್ತೇವೆ: 1899, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'. ಅದಕ್ಕೂ ಮೂರು-ನಾಲ್ಕು ದಶಕ ಮೊದಲೇ ಬೆಳಗಾವಿ ಸೀಮೆಯಲ್ಲಿ ಹುಟ್ಟಿದ ಇಬ್ಬರು ಮುಂಬಯಿಯ ನಂಟಿನಿಂದ ಮರಾಠಿ ಕಾದಂಬರಿಗೆ ಎರಡು ದಾರಿ ಹಾಕಿಕೊಟ್ಟಿದ್ದರು. ಮುಂದೆ ಕನ್ನಡದ ಓದುಗರನ್ನು ಹಿಡಿದಿಟ್ಟದ್ದೂ ಅಂಥವೇ ಎರಡು ದಾರಿಗಳು.

ಮೊದಲನೆಯವರು ಬಾಬಾ ಪದಮನಜಿ. 1831ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ, ಮುಂಬಯಿಯ ಮಿಶನರಿ ಶಾಲೆಯಲ್ಲಿ ಓದಿ, 1854ರಲ್ಲಿ ಕ್ರೈಸ್ತರಾದವರು. ವಿಧವಾ ಪುನರ್ವಿವಾಹದ ಕಾಯ್ದೆ ಬಂದದ್ದು 1856ರಲ್ಲಿ. ಮರುವರ್ಷವೇ ಅವರ 'ಯಮುನಾ ಪರ್ಯಟನ' ಬಂತು. ಯಮುನೆ ಗಂಡನೊಡನೆ ಊರೂರು ಸುತ್ತುತ್ತ ವಿಧವೆಯರ ಕಷ್ಟ ಕೇಳುತ್ತಾಳೆ. ಕೊನೆಗೆ ತಾನೇ ವಿಧವೆಯಾಗಿ, ಕ್ರೈಸ್ತಳಾಗಿ, ಮರುಮದುವೆಯಾಗುತ್ತಾಳೆ.

ಎರಡನೆಯವರು ರಾಮಚಂದ್ರ ಭಿಕಾಜಿ ಗುಂಜೀಕರ, ಬೆಳಗಾವಿ ಹತ್ತಿರದ ಜಾಂಬೋಟಿಯವರು. ಅವರ 'ಮೋಚನಗಡ' 1867ರಲ್ಲಿ ಶುರುವಾದ 'ವಿವಿಧಜ್ಞಾನವಿಸ್ತಾರ' ಮಾಸಿಕದಲ್ಲಿ ಕಂತುಕಂತಾಗಿ ಬಂದು 1871ರಲ್ಲಿ ಪುಸ್ತಕವಾಯಿತು. ಶಿವಾಜಿಯ ಕಾಲ, ಸಹ್ಯಾದ್ರಿಯ ಕೋಟೆ. ಮರಾಠಿಯ ಮೊದಲ ಐತಿಹಾಸಿಕ ಕಾದಂಬರಿ ಎಂದು ಅದಕ್ಕೆ ಹೆಸರು.

ಬರಿಯ ಕಟ್ಟುಕತೆ ಓದುವುದು ಕಾಲಹರಣ ಎನ್ನುವವರ ಎದುರು ಕಾದಂಬರಿಗೆ ಒಂದು ಜಾಮೀನು ಬೇಕಿತ್ತು. ಪದಮನಜಿ ನೀತಿಯನ್ನು ಮುಂದಿಟ್ಟರು, ಗುಂಜೀಕರರು ಚರಿತ್ರೆಯನ್ನು. ಅಮೆರಿಕದಲ್ಲೂ ಹೀಗೇ ಆಗಿತ್ತು. ಮೋಸಹೋದ ಹುಡುಗಿಯ ಕತೆಯಾದ 'ಷಾರ್ಲಟ್ ಟೆಂಪಲ್' 1791ರಲ್ಲಿ ಲಂಡನ್ನಿನಲ್ಲಿ, 1794ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚಾದಾಗ ಸುಸಾನಾ ರೋಸನ್ ಅದನ್ನು ಸತ್ಯಕಥೆ ಎಂದೇ ಕರೆದರು. ಫೆನಿಮೋರ್ ಕೂಪರ್ 1823ರ 'ದಿ ಪಯನಿಯರ್ಸ್'ನಲ್ಲಿ ಕಾಡಂಚಿನ ಹೊಸ ವಸತಿಯ ಬದುಕನ್ನು ಬರೆದರು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕೂಪರನ ಓದುಗರಿಗೆ ಗಡಿನಾಡು ಇನ್ನೂ ಪಶ್ಚಿಮಕ್ಕೆ ಸರಿಯುತ್ತಿದ್ದ ನೆಲ; ಅಲ್ಲಿ ಮೊದಲೇ ಇದ್ದ ಜನರಿಂದ ಕಿತ್ತುಕೊಂಡ ನೆಲವೂ ಹೌದು. 1857ರ ನಂತರದ ಮುಂಬಯಿ ಇಲಾಖೆಯಲ್ಲಿ ಕತ್ತಿ ಹಿಡಿದ ನಾಯಕನಿಗೆ ವರ್ತಮಾನದಲ್ಲಿ ಜಾಗವಿರಲಿಲ್ಲ. ಅವನಿಗಾಗಿ ಇನ್ನೂರು ವರ್ಷ ಹಿಂದಿನ ಗಡಕ್ಕೇ ಹೋಗಬೇಕಾಯಿತು.

ಕನ್ನಡದಲ್ಲೂ ಇವೆರಡು ಬಗೆ ಕಾಣುತ್ತವೆ. ಇಂದಿರಾಬಾಯಿಯೂ ಎಳೆಯ ವಿಧವೆ. ಅಚ್ಚು ಹಾಕಿದ್ದು ಬಾಸೆಲ್ ಮಿಶನ್ ಮುದ್ರಣಾಲಯವಾದರೂ ಅವಳು ಮತ ಬದಲಿಸುವುದಿಲ್ಲ. ಓದಿ, ಸಮಾಜ ಸುಧಾರಕರ ನೆರವಿನಿಂದ ಮರುಮದುವೆಯಾಗುತ್ತಾಳೆ. ಯಮುನೆಗೆ ಧರ್ಮದ ಹೊರಗೆ ಸಿಕ್ಕ ಬಿಡುಗಡೆ ನಲವತ್ತೆರಡು ವರ್ಷಗಳ ನಂತರ ಇಂದಿರೆಗೆ ಒಳಗೇ ಸಿಕ್ಕಿತು. ಕಾದಂಬರಿಗಳ ನಡುವಿನ ಈ ಅಂತರದಲ್ಲಿ ಸುಧಾರಣೆಯ ಅರ್ಧ ಶತಮಾನದ ವಾದವಿದೆ.

ಚರಿತ್ರೆಯ ಬಗೆ ಮರಾಠಿಯಿಂದ ನೇರವಾಗಿಯೇ ಬಂತು. ಹರಿ ನಾರಾಯಣ ಆಪ್ಟೆಯವರ ಕಾದಂಬರಿಗಳನ್ನು ಗಳಗನಾಥರು ಕನ್ನಡಕ್ಕೆ ತಂದರು. ಆಮೇಲೆ 1923ರಲ್ಲಿ 'ಮಾಧವ ಕರುಣಾವಿಲಾಸ' ಬರೆದು ಶಿವಾಜಿಯ ಕೋಟೆಯ ಜಾಗದಲ್ಲಿ ವಿಜಯನಗರವನ್ನಿಟ್ಟರು. ಅನುವಾದಕನೊಬ್ಬ ತನ್ನ ಭಾಷೆಗೆ ಮಾಡಬಹುದಾದ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ನನಗೆ ತೋಚುವುದಿಲ್ಲ. ಪರಭಾಷೆಯ ಕತೆಯಿಂದ ಓದುಗರನ್ನು ಗಳಿಸಿ, ಬಳಿಕ ಅವರ ಕೈಗೆ ಅವರದೇ ನಾಡಿನ ಕತೆ ಕೊಡುವುದು.

ಆ ಓದುಗರೂ ತಾವಾಗಿ ಬಂದವರಲ್ಲ. ಗಳಗನಾಥರು ಪುಸ್ತಕದ ಹೊರೆ ಹೊತ್ತು ಊರೂರು ಅಲೆದು ಮಾರಿದರು.